ಮೇಲ್ಮಹಡಿಯ ಒಗ್ಗರಣೆ

ಬಹೀಗಾ ಮಕ್ಕಾ ನೋಡಿದವಳಲ್ಲ. ಆದರೂ ಊರಿಗೆಲ್ಲ ಅವಳು ಹಾಗ್ಗಾ. ಹಜ್ ಯಾತ್ರೆ ಮುಗಿಸಿ ಬಂದ ಹೆಂಗಸಿಗೆ ಸಲ್ಲಬೇಕಾದ ಆ ಹೆಸರು ನಮ್ಮ ಫಯ್ಯೂಮ್ ಸೀಮೆಯಲ್ಲಿ ತಲೆ ನರೆತ ಯಾರಿಗಾದರೂ ಪುಕ್ಕಟೆ ಸಿಗುತ್ತದೆ. ಬಹೀಗಾ ಮಾತ್ರ ಅದನ್ನು ಬೆವರು ಸುರಿಸಿ ಗಳಿಸಿಕೊಂಡವಳ ಗತ್ತಿನಲ್ಲಿ ಓಡಾಡುತ್ತಿದ್ದಳು. ಭಾರಿ ಮೈ, ಕಪ್ಪು ನಿಲುವಂಗಿ, ಕೈಯಲ್ಲಿ ಸದಾ ಅರ್ಧ ಹೆಣೆದ ಬುಟ್ಟಿ. ಖರ್ಜೂರದ ಗರಿಗೆ ಗೋಧಿ ಹುಲ್ಲು ಸೇರಿಸಿ ಅವಳು ಹೆಣೆದ ಬುಟ್ಟಿಗಳು ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಸಾಲಾಗಿ ತೂಗಾಡುತ್ತವೆ. ಆದರೆ ಯಾರಾದರೂ "ಏನು ಕೆಲಸ ಮಾಡ್ತೀರ ಹಾಗ್ಗಾ?" ಎಂದರೆ, "ಕೆಲಸ ಎಲ್ಲಿಂದ ಬಂತು? ಸುಮ್ನೆ ಮನೇಲಿ ಕೂತಿದ್ದೀನಿ" ಎನ್ನುತ್ತಿದ್ದಳು, ಬೆರಳು ನಿಲ್ಲಿಸದೆ.

ಅವಳ ಮನೆ ಕಾಲುವೆ ದಂಡೆಯಲ್ಲಿದೆ. ಕೆಂಪು ಇಟ್ಟಿಗೆಯ ಮೂರು ಅಂತಸ್ತು, ಹೊರಗೋಡೆಗೆ ಗಾರೆ ಕಂಡಿಲ್ಲ, ತಾರಸಿಯ ಮೇಲೆ ಕಬ್ಬಿಣದ ಸರಳುಗಳು ಇನ್ನೂ ಹುಟ್ಟದ ಯಾವ ಮೊಮ್ಮಗನ ಮಹಡಿಗೋ ಕಾಯುತ್ತ ನಿಂತಿವೆ. ಕೆಳಗೆ ಬಹೀಗಾ. ನಡುವೆ ಹಿರಿಮಗ ಈದ್, ಅವನ ಹೆಂಡತಿ ಸಮಾಹ್, ಅವರ ಮೂರು ಮಕ್ಕಳು. ತುದಿಯಲ್ಲಿ ಕಿರಿಮಗ ಝಕಿ ಮತ್ತು ಮದುವೆಯಾಗಿ ಎರಡು ವರ್ಷವಾದ ಅವನ ಹೆಂಡತಿ ನಶ್ವಾ. ಮಲಗುವುದು ಮೂರು ಕಡೆ. ಉಣ್ಣುವುದು ಮಾತ್ರ ಎಲ್ಲರೂ ಕೆಳಗೆ, ಗಿಡ್ಡ ಕಾಲಿನ ದುಂಡು ಮೇಜಿನ ಸುತ್ತ, ಮಧ್ಯಾಹ್ನದ ನಮಾಜು ಮುಗಿದ ಮೇಲೆ.

"ಮನೆ ಎಷ್ಟು ಬೇಕಾದ್ರೂ ಎತ್ತರ ಬೆಳೀಲಿ, ಒಲೆ ಮಾತ್ರ ಒಂದೇ ಇರ್ಬೇಕು," ಇದು ಬಹೀಗಾಳ ಕಾನೂನು. ಇದಕ್ಕೆ ತಿದ್ದುಪಡಿ ಇಲ್ಲ.

ಕಾನೂನಿನ ಹಿಂದೆ ಒಂದು ಮೊಟ್ಟೆಯ ಕಥೆ ಇತ್ತು. ಅದನ್ನು ಕೇಳದವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಅವಳು ಹೊಸ ಸೊಸೆ, ಈದ್ ಇನ್ನೂ ಕೈಗೂಸು. ಕೂಸಿಗೆ ಜ್ವರ ಬಂದು ಎದೆಹಾಲೂ ಬೇಡ, ರೊಟ್ಟಿಯ ಗಂಜಿಯೂ ಬೇಡ ಎಂದು ಹಟ ಹಿಡಿದಿತ್ತು. ಬಹೀಗಾ ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಕಸಕಡ್ಡಿ ಉರಿಸಿ, ಯಾರಿಗೂ ಹೇಳದೆ ಒಂದು ಮೊಟ್ಟೆ ಬೇಯಿಸಿದಳು. ತೆಗೆಯುವ ಹೊತ್ತಿಗೆ ಅತ್ತೆ ಬಂದುಬಿಟ್ಟಳು. ಬಹೀಗಾ ಕಲ್ಲುಗಳಿಗೆ ಅಡ್ಡ ನಿಂತು ಕುದಿಯುವ ಮೊಟ್ಟೆಯನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಳು. ಅಂಗೈ ಬೊಬ್ಬೆ ಎದ್ದಿತು, ಬಾಯಿ ಬಿಡಲಿಲ್ಲ. ಅತ್ತೆ ಬಾಯಿ ಬಿಟ್ಟಳು. "ನನ್ನ ಮನೇಲಿ ಎರಡನೇ ಒಲೆ ಹೂಡಿದ್ದಾಳೆ ಈ ಮೂದೇವಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಮಾತಿಗೆ ಮಾತು ಬೆಳೆಯಿತು. ಗಂಡ ಹೆಂಡತಿಯ ಪರ, ಮೈದುನ ತಾಯಿಯ ಪರ. ಗೋಧಿ ಕೊಯ್ಲಿನ ಹೊತ್ತಿಗೆ ಅಂಗಳದ ನಡುವೆ ಗೋಡೆ ಎದ್ದಿತ್ತು. ಆ ಗೋಡೆ ದಾಟಿ ಒಂದು ಬಟ್ಟಲು ಸಾರು ಆಚೆ ಹೋಗಲಿಲ್ಲ, ಈಚೆ ಬರಲಿಲ್ಲ. ಕೊನೆಗೆ ಮೈದುನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸೂಯೆಜ್‌ಗೆ ಹೋದ. ಅಣ್ಣ ಸತ್ತಾಗಲೂ ಬರಲಿಲ್ಲ.

"ಒಂದು ಮೊಟ್ಟೆ ಕಣ್ರೇ, ಒಂದೇ ಒಂದು ಮೊಟ್ಟೆ ನಮ್ಮನೆ ಒಡೀತು," ಎಂದು ಬಹೀಗಾ ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದಳು.

ಈ ಕಾನೂನಿಗೆ ಸರ್ಕಾರದ ಮೊಹರೂ ಬಿದ್ದಿದೆ ಎಂದು ಅವಳು ನಂಬಿದ್ದಳು. ಮೊಹರು ಹಾಕಿದವಳು ಸರ್ಕಾರಿ ಸಮೀಕ್ಷೆಗೆಂದು ಮನೆಮನೆಗೆ ಬರುವ ಕೈರೋದ ಇಬ್ತಿಸಾಮ್.

ಮೊದಲ ಸಲ ಬಂದಾಗ ಇಬ್ತಿಸಾಮ್ ಕಾಲೇಜು ಮುಗಿಸಿದ ಹೊಸತು. ಕಾಗದದ ಕಟ್ಟು ಎದೆಗವಚಿಕೊಂಡು ಅಂಗಳಕ್ಕೆ ಕಾಲಿಟ್ಟವಳನ್ನು ಬಹೀಗಾಳ ಬಾತುಗಳು ಅಟ್ಟಿಸಿಕೊಂಡು ಹೋಗಿ ರೊಟ್ಟಿ ಸುಡುವ ಮಣ್ಣಿನ ಒಲೆಯ ಮೇಲೆ ಹತ್ತಿಸಿದ್ದವು. ಬಹೀಗಾ ಒಂದು ಬಾತಿನ ಕತ್ತು ಹಿಡಿದು ಪಕ್ಕಕ್ಕೆಸೆದು, "ಇಳಿಯಮ್ಮ, ತಣ್ಣಗಿದೆ ಒಲೆ. ನಾಳೆ ಬಂದಿದ್ರೆ ಬೆಂದು ಹೋಗ್ತಿದ್ದೆ" ಎಂದಿದ್ದಳು. ಹುಡುಗಿ ನಡುಗುವ ಧ್ವನಿಯಲ್ಲೇ ಕೇಳಿದ ಮೊದಲ ಪ್ರಶ್ನೆ, "ಈ ಮನೇಲಿ ಒಂದೇ ಪಾತ್ರೆಯಿಂದ ಉಣ್ಣೋರು ಎಷ್ಟು ಜನ?"

"ನಾಲ್ಕು. ನೀನೂ ಕೂತ್ರೆ ಐದು."

ಆಗ ಗಂಡ ಬದುಕಿದ್ದ. ಇಬ್ತಿಸಾಮ್ ವಿವರಿಸಿದಳು: ಒಂದು ಸೂರಿನ ಕೆಳಗಿದ್ದು ಒಂದು ಪಾತ್ರೆಯಿಂದ ಉಂಡರೆ ಅದು ಒಂದು ಮನೆ, ಪಾತ್ರೆ ಬೇರೆಯಾದರೆ, ಸೂರು ಒಂದೇ ಆದರೂ, ಎರಡು ಮನೆ. ನಮ್ಮ ಕಚೇರಿಯ ಲೆಕ್ಕ ಹಾಗೆ. ಯಾರು ಏನು ಕೆಲಸ ಮಾಡುತ್ತಾರೆ, ಹೇಗೆ ಬಾಳುತ್ತಾರೆ ಎಂದು ತಿಳಿಯುವುದು ನಮ್ಮ ಉದ್ದೇಶ. ಬಹೀಗಾಳ ಕಿವಿಗೆ ಬಿದ್ದಿದ್ದು ಇಷ್ಟು: ಸರ್ಕಾರವೂ ನನ್ನ ಹಾಗೇ ಯೋಚಿಸುತ್ತದೆ. ಅಂದಿನಿಂದ ಓಣಿಯಲ್ಲಿ ಯಾವ ಮನೆಯ ಅತ್ತೆ-ಸೊಸೆ ಕಿತ್ತಾಡಿದರೂ ಅವಳು, "ನಮ್ಮನೆ ಒಂದೇ ಒಲೆ ಅಂತ ಕೈರೋದಲ್ಲಿ ಬರೆದಿಟ್ಟಿದ್ದಾರೆ. ಬೇಕಾದ್ರೆ ಹೋಗಿ ನೋಡ್ಕೊಂಡು ಬನ್ನಿ" ಎನ್ನುವಳು. ಯಾರೂ ಹೋಗಿ ನೋಡಿಕೊಂಡು ಬರಲಿಲ್ಲ.

ಆರು ವರ್ಷ ಬಿಟ್ಟು ಇಬ್ತಿಸಾಮ್ ಮತ್ತೆ ಬಂದಳು. ಆ ಚಳಿಗಾಲದಲ್ಲೇ ಬಹೀಗಾಳ ಗಂಡ ತೀರಿಕೊಂಡಿದ್ದ. ಹಳೆಯ ಪಟ್ಟಿ ನೋಡಿ ಹೆಸರು ಕೂಗುತ್ತಿದ್ದ ಹುಡುಗಿ ಅವನ ಹೆಸರಿಗೆ ಬಂದು, ಸುದ್ದಿ ಕೇಳಿ, ಪೆನ್ನು ಕೆಳಗಿಟ್ಟಳು. ಕೊನೆಯ ಪ್ರಶ್ನೆ ಇನ್ನೂ ಕಷ್ಟದ್ದು. "ಒಟ್ಟಾರೆ ನಿಮ್ಮ ಬಾಳಿನ ಬಗ್ಗೆ ನಿಮಗೆಷ್ಟು ತೃಪ್ತಿ? ಹತ್ತರಲ್ಲಿ ಎಷ್ಟು ಅಂತ ಹೇಳ್ಬೇಕು."

"ಅಲ್‌ಹಮ್ದುಲಿಲ್ಲಾಹ್."

"ಅಂಕಿ ಹೇಳ್ಬೇಕು."

"ದೇವರು ಕೊಟ್ಟಿದ್ದಕ್ಕೆ ನಂಬರ್ ಹಾಕೋಕೆ ನಾನೇನು ಮೇಷ್ಟ್ರಾ? ಹತ್ತು ಬರ್ಕೋ. ಒಂದು ಕಮ್ಮಿ ಹೇಳಿದ್ರೂ ದೂರು ಕೊಟ್ಟ ಹಾಗಾಗುತ್ತೆ."

ಇಬ್ತಿಸಾಮ್ ಹತ್ತು ಎಂದು ಬರೆದು ಅತ್ತುಬಿಟ್ಟಳು. ಗಂಡ ಸತ್ತವಳೇ ಕೈರೋದವಳ ಕಣ್ಣೊರೆಸಿ, ಸಕ್ಕರೆ ಸುರಿದ ಕಡುಚಹಾ ಕುಡಿಸಿ ಕಳಿಸಬೇಕಾಯಿತು.

ಮೂರನೇ ಸಲ ಬಂದಾಗ ಬಹೀಗಾ ನೇರವಾಗಿ ಕೇಳಿದಳು. "ಅಲ್ಲಮ್ಮ ಅಬ್ಲಾ, ದೇಶದಲ್ಲಿ ಬೇರೆ ಮನೆಗಳು ಬಿದ್ದು ಹೋದ್ವಾ? ಯಾವಾಗ್ಲೂ ನಮ್ಮನೇಗೇ ಯಾಕೆ ಬರ್ತೀಯ?" ಓದಿದ ಹೆಂಗಸರನ್ನು ನಾವು ಅಬ್ಲಾ ಎಂದೇ ಕರೆಯುವುದು.

"ಮಗು ಎಷ್ಟು ಬೆಳೀತು ಅಂತ ಗೊತ್ತಾಗ್ಬೇಕಾದ್ರೆ ಅದೇ ಮಗೂನೇ ಮತ್ತೆ ಅಳೀಬೇಕಲ್ವಾ ಹಾಗ್ಗಾ? ಪಕ್ಕದ್ಮನೆ ಮಗು ಅಳೆದ್ರೆ ಏನು ಬಂತು?"

ಈ ಉತ್ತರ ಬಹೀಗಾಗೆ ಎಷ್ಟು ಹಿಡಿಸಿತೆಂದರೆ ಆ ಸಲ ಬಾತು ಕೊಯ್ದಳು.

ಈಗ ನಾಲ್ಕನೆಯ ಸಲ. ಭಾನುವಾರ ಬರುತ್ತೇನೆಂದು ಇಬ್ತಿಸಾಮ್ ಫೋನು ಮಾಡಿದ್ದಳು. ಅದಕ್ಕೆ ಮುಂಚಿನ ಬುಧವಾರ ಬಹೀಗಾಳ ತಲೆಯ ಮೇಲೆ ಆಕಾಶ ಕಳಚಿಬಿತ್ತು. ಕಳಚಿದ್ದು ಬೆಳಕಿಂಡಿಯಿಂದ.

ಮುಲೂಖಿಯ್ಯ ಸೊಪ್ಪಿನ ಸಾರು ಮಾಡುವಾಗ, ತುಪ್ಪದಲ್ಲಿ ಬೆಳ್ಳುಳ್ಳಿ ಕೊತ್ತಂಬರಿ ಬೀಜ ಕೆಂಪಗಾಗಿ ಒಗ್ಗರಣೆ ಚೊಂಯ್ ಎಂದು ಪಾತ್ರೆಗೆ ಬೀಳುವ ಕ್ಷಣಕ್ಕೆ ಸರಿಯಾಗಿ, ಅಡುಗೆಯವಳು ಬೆಚ್ಚಿಬಿದ್ದವಳ ಹಾಗೆ "ಹ್ಹಾ!" ಎಂದು ಜೋರಾಗಿ ಉಸಿರೆಳೆದುಕೊಳ್ಳಬೇಕು. ಇಲ್ಲದಿದ್ದರೆ ಸೊಪ್ಪು ತಳ ಸೇರುತ್ತದೆ, ಸಾರು ನೀರಾಗುತ್ತದೆ. ಇದು ಯಾಕೆ ಎಂದು ಕೇಳುವವರು ಮುಲೂಖಿಯ್ಯ ತಿನ್ನಲು ಲಾಯಕ್ಕಿಲ್ಲದವರು. ಬಹೀಗಾಳ ಉಸಿರು ಒಂದು ಕಾಲದಲ್ಲಿ ಓಣಿಗೇ ಹೆಸರಾಗಿತ್ತು. ವರ್ಷಗಟ್ಟಲೆ ಒಲೆಯ ಹೊಗೆ ಕುಡಿದು ಈಗ ಎದೆ ಸೀಟಿ ಹೊಡೆಯುತ್ತದೆ. ಉಸಿರೆಳೆಯಲು ಹೋದರೆ ಕೆಮ್ಮು ಬರುತ್ತದೆ. ಹಿರಿಸೊಸೆ ಸಮಾಹ್ ನಾಚಿಕೆಯವಳು. ಅವಳ ಉಸಿರು ಬಿಕ್ಕಳಿಕೆ ನುಂಗಿದಷ್ಟು ಮಾತ್ರ. ಹೀಗಾಗಿ ಕೆಳಗಿನ ಮನೆಯ ಮುಲೂಖಿಯ್ಯಕ್ಕೆ ಕೆಲವು ವರ್ಷದಿಂದ ಕಸುವಿಲ್ಲ. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ.

ಆ ಬುಧವಾರ ಇಳಿಹೊತ್ತಿನಲ್ಲಿ ಬಹೀಗಾ ಮೂರೂ ಮಹಡಿ ಹಾದು ಇಳಿಯುವ ಬೆಳಕಿಂಡಿಯ ಕೆಳಗೆ ಕೂತು ಬುಟ್ಟಿ ಹೆಣೆಯುತ್ತಿದ್ದಳು. ಮೇಲಿನಿಂದ ಚೊಂಯ್ ಎಂದಿತು. ಹಿಂದೆಯೇ ಒಂದು ಉಸಿರು. ತುಂಬಿದ ಎದೆಯ ಉಸಿರು, ಹೆದರಿಕೆಯಲ್ಲಿ ಶುರುವಾಗಿ ಖುಷಿಯಲ್ಲಿ ಮುಗಿಯುವಂಥದ್ದು. ಬಹೀಗಾಳ ಮನಸ್ಸಿಗೆ ಮೊದಲು ಬಂದದ್ದು, "ಅಬ್ಬ, ಉಸಿರು ಅಂದ್ರೆ ಇದು!" ಆಮೇಲೆ, "ಯಾರದ್ದಿದು?" ಆಮೇಲೆ ಬುಟ್ಟಿ ಕೈಯಿಂದ ಜಾರಿತು.

ಸಂಜೆ ಝಕಿಯನ್ನು ಕರೆದಳು. ಝಕಿ ಮಿನಿಬಸ್ ಓಡಿಸುತ್ತಾನೆ. ರಸ್ತೆಯಲ್ಲಿ ಯಾರಿಗೂ ದಾರಿ ಬಿಡದವನು, ಮನೆಯಲ್ಲಿ ಎಲ್ಲರಿಗೂ ದಾರಿ ಬಿಡುವವನು.

"ಮೇಲೆ ಒಲೆ ಹತ್ತಿದೆ," ಎಂದಳು ಬಹೀಗಾ.

"ನನ್ನನ್ನ ಯಾಕಮ್ಮ ಕೇಳ್ತೀಯ? ಅವಳನ್ನೇ ಕೇಳು," ಎಂದು ಝಕಿ ಸರಿದು ನಿಂತ. ಅವನ ಬೆನ್ನ ಹಿಂದೆ ನಶ್ವಾ ಇದ್ದಳು. ಸಣ್ಣ ಮೈಯ ಹುಡುಗಿ, ತಲೆವಸ್ತ್ರಕ್ಕೆ ಒಣಗಿದ ಕ್ಯಾಮೊಮೈಲ್ ಹೂವಿನ ಪುಡಿ ಮೆತ್ತಿಕೊಂಡಿತ್ತು. ಊರಾಚೆಯ ಶೆಡ್ಡಿನಲ್ಲಿ ಅವಳು ಆ ಹೂವುಗಳನ್ನು ಆರಿಸಿ ಪೊಟ್ಟಣ ಕಟ್ಟುತ್ತಾಳೆ.

"ಹೌದಮ್ಮ, ನಾನೇ ಹಚ್ಚಿದ್ದು," ಎಂದಳು. "ಶೆಡ್ಡಿಂದ ಬರೋ ಹೊತ್ತಿಗೆ ನಿಮ್ಮೆಲ್ಲರ ಊಟ ಆಗಿ ಎಷ್ಟೋ ಹೊತ್ತಾಗಿರುತ್ತೆ. ಉಳಿದಿದ್ದು ತಣ್ಣಗಾಗಿ ಕೆನೆ ಕಟ್ಟಿರುತ್ತೆ. ಒಬ್ಬಳೇ ಕೂತು ಅದನ್ನ ತಿಂದು ತಿಂದು ನಂಗೆ ಸಾಕಾಯ್ತು."

"ಇಲ್ಲೇ ಬಿಸಿ ಮಾಡ್ಕೋಬಾರ್ದಾ?"

"ಸಮಾಹ್ ಅಕ್ಕ ಅಷ್ಟೊತ್ತಿಗೆ ಒಲೆ ತೊಳೆದು ಒರೆಸಿ ಕೂತಿರ್ತಾಳೆ. ಮತ್ತೆ ಕೊಳೆ ಮಾಡಿದ್ರೆ ಅವಳ ಮುಖ ನೋಡೋಕಾಗಲ್ಲ."

"ಹಾಗಿದ್ರೆ ಆ ಹೂವಿನ ಕೆಲಸ ಬಿಡು."

"ಬಿಡಲ್ಲಮ್ಮ." ಮೆಲ್ಲಗೇ ಹೇಳಿದಳು, ಆದರೆ ತಡವರಿಸಲಿಲ್ಲ. "ನಾನು ಬೇರೆಯಾಗ್ತಿಲ್ಲ. ಬಿಸಿ ಊಟ ಮಾಡ್ತಿದ್ದೀನಿ ಅಷ್ಟೆ."

ಬಹೀಗಾಗೆ ಆ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಅವಳಿಗೆ ಕಂಡಿದ್ದು ಮೂರು ಕಲ್ಲು, ಅದರ ಹಿಂದೆ ಗೋಡೆ, ಗೋಡೆಯ ಒಂದು ಬದಿಗೆ ಈದ್, ಇನ್ನೊಂದು ಬದಿಗೆ ಝಕಿ. ಅದಕ್ಕಿಂತ ದೊಡ್ಡ ಹೆದರಿಕೆ ಭಾನುವಾರದ್ದು. ಕೈರೋದಲ್ಲಿ ಎರಡು ಎಂದು ಬರೆದರೆ ಎರಡೇ ಆಗಿಬಿಡುತ್ತದೆ, ಮತ್ತೆ ಯಾರೂ ಒಂದು ಮಾಡಲಾರರು ಎಂದು ಅವಳ ನಂಬಿಕೆ.

"ಅಬ್ಲಾ ಬಂದಾಗ ಒಂದೇ ಒಲೆ ಅಂತ ಹೇಳ್ಬೇಕು. ಆಮೇಲಿಂದು ಆಮೇಲೆ ನೋಡ್ಕೊಳ್ಳೋಣ."

"ಆಯ್ತಮ್ಮ. ನಿಮಗೋಸ್ಕರ ಹೇಳ್ತೀನಿ."

ಜಗಳವಾಡಿದ್ದರೆ ಬಹೀಗಾಗೆ ನಿದ್ದೆ ಬರುತ್ತಿತ್ತು. ಇಷ್ಟು ಸುಲಭವಾಗಿ ಒಪ್ಪಿಕೊಂಡಿದ್ದು ಮುಳ್ಳಿನ ಹಾಗೆ ಚುಚ್ಚಿತು. ಸಾಲದ್ದಕ್ಕೆ ಮರುದಿನ ಪಕ್ಕದ ಮನೆಯ ಫಿಕ್ರಿಯಾ ಬಂದು ಬಾಗಿಲಿಗೊರಗಿ ನಿಂತಳು. ಗೋಡೆಗಳಿಗಿಲ್ಲದ ಕಿವಿ ಅವಳಿಗಿದೆ. "ಮೇಲ್ಗಡೆ ಭಾರಿ ಘಮಘಮ ಅಂತೆ? ಎರಡು ಮನೆ ಅಂತ ಬರೆಸ್ಬಿಡು ಹಾಗ್ಗಾ, ಎರಡು ರೇಷನ್ ಕಾರ್ಡ್ ಸಿಗುತ್ತೆ. ನನ್ನ ಹೆಸರೂ ಒಂಚೂರು ಸೇರಿಸು, ನಾನೂ ನನ್ನ ಗಂಡನ್ನ ಬಿಟ್ಟು ಬೇರೆ ಬೇಯಿಸ್ಕೊಳ್ತೀನಿ."

"ರೇಷನ್ನಿಗೂ ಇದಕ್ಕೂ ಸಂಬಂಧ ಇಲ್ಲ. ಹೋಗಿ ಇರೋ ಗಂಡನಿಗೆ ಸರಿಯಾಗಿ ಬೇಯಿಸಿ ಹಾಕು," ಎಂದು ಬಹೀಗಾ ಬಾಗಿಲು ಮುಂದೆ ಮಾಡಿದಳು.

ಭಾನುವಾರ ಇಳಿಹೊತ್ತಿಗೆ ಇಬ್ತಿಸಾಮ್ ಬಂದಳು. ಮೈ ತುಂಬಿಕೊಂಡಿತ್ತು, ಕನ್ನಡಕ ಬಂದಿತ್ತು, ಕಾಗದದ ಕಟ್ಟಿನ ಬದಲು ಕೈಯಲ್ಲಿ ಹಲಗೆಯಂಥ ಒಂದು ಯಂತ್ರ. ಬಾತುಗಳು ಮಾತ್ರ ಮೊದಲಿನ ಹಾಗೇ ಅಟ್ಟಿಸಿಕೊಂಡು ಬಂದವು. ಅವಳೂ ಮೊದಲಿನ ಹಾಗೇ ಕಿರುಚಿದಳು.

"ಇಷ್ಟು ವರ್ಷ ಆಯ್ತು, ಒಂದು ಬಾತಿಗೆ ಹೆದರೋದು ಬಿಟ್ಟಿಲ್ವಲ್ಲೇ," ಎಂದು ಬಹೀಗಾ ಅಪ್ಪಿಕೊಂಡಳು.

"ಇವು ಅವೇ ಬಾತುಗಳ ಮೊಮ್ಮಕ್ಕಳಲ್ವಾ ಹಾಗ್ಗಾ? ಬುದ್ಧಿ ಎಲ್ಲಿ ಹೋಗುತ್ತೆ!"

ಎಲ್ಲರೂ ಮೇಜಿನ ಸುತ್ತ ಕೂತರು. ಇಬ್ತಿಸಾಮ್ ಯಂತ್ರ ನೋಡುತ್ತ ಒಬ್ಬೊಬ್ಬರ ಹೆಸರು ಕೂಗಿ, ಹೊಸದಾಗಿ ಬಂದ ನಶ್ವಾಳನ್ನು ಸೇರಿಸಿಕೊಂಡು, ಆ ಪ್ರಶ್ನೆಗೆ ಬಂದಳು. "ಎಲ್ಲರೂ ಒಂದೇ ಪಾತ್ರೆ?"

"ಒಂದೇ," ಎಂದಳು ಬಹೀಗಾ, ಯಾರೂ ಬಾಯಿ ತೆರೆಯುವ ಮುಂಚೆ. ಈದ್ "ಒಂದೇ" ಎಂದ. ಸಮಾಹ್ ತಲೆಯಾಡಿಸಿದಳು. ಝಕಿ ಕೆಮ್ಮಿದ. ನಶ್ವಾ ನೆಲ ನೋಡುತ್ತ, "ಒಂದೇ, ಅಬ್ಲಾ" ಎಂದಳು.

ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುವುದು ಅವರ ಪದ್ಧತಿ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಿಳಿಯಬಾರದು. ತನ್ನದು ಮುಗಿದದ್ದೇ ನಶ್ವಾ ಮೇಲೆ ಹೋದಳು. ಎಲ್ಲರದೂ ಆದ ಮೇಲೆ ಬಹೀಗಾಳ ಸರದಿ ಬಂತು.

"ಹೋದ ವಾರ ಏನಾದ್ರೂ ಕೆಲಸ ಮಾಡಿದ್ರಾ?"

"ಇಲ್ಲಮ್ಮ, ಮನೇಲೇ ಕೂತಿದ್ದೆ."

ಇಬ್ತಿಸಾಮ್ ಅವಳ ಮಡಿಲಿನ ಬುಟ್ಟಿ ನೋಡಿದಳು. "ಕೂತು ಇದನ್ನ ಹೆಣೆದು ಅಂಗಡಿಗೆ ಕೊಟ್ರೆ ನಮ್ಮಲ್ಲಿ ಅದನ್ನ ಕೆಲಸ ಅಂತಾರೆ ಹಾಗ್ಗಾ. ಪ್ರತಿ ಸಲಾನೂ ನಿಮ್ಮ ಹತ್ರ ಇದೇ ಜಗಳ."

"ಬರ್ಕೋ ಹಾಗಾದ್ರೆ. ಕೂರೋದೂ ಕೆಲಸ ಅಂದ್ರೆ ದೇಶದಲ್ಲಿ ಸೋಮಾರಿಗಳೇ ಇಲ್ಲ."

ಕೊನೆಗೆ ಹತ್ತರ ಪ್ರಶ್ನೆ ಬಂತು. ಇಬ್ತಿಸಾಮ್ ಉತ್ತರಕ್ಕೆ ಕಾಯದೆ ಹತ್ತನ್ನು ಒತ್ತಲು ಬೆರಳೆತ್ತಿದ್ದಳು.

"ಎಂಟು," ಎಂದಳು ಬಹೀಗಾ.

ಬೆರಳು ಗಾಳಿಯಲ್ಲೇ ನಿಂತಿತು. ಗಂಡ ಸತ್ತ ವರ್ಷವೂ ಹತ್ತು ಹೇಳಿದ ಹೆಂಗಸು. ಇಬ್ತಿಸಾಮ್ ಯಾಕೆಂದು ಕೇಳಲಿಲ್ಲ, ಕೇಳುವ ಹಾಗಿಲ್ಲ. ಎಂಟನ್ನು ಒತ್ತಿ, "ಈಗ ಮೂರು ಮಹಡಿನೂ ನೋಡ್ಬೇಕು. ಎಷ್ಟು ಕೋಣೆ, ನೀರು, ಅಡುಗೆಮನೆ, ಎಲ್ಲಾ" ಎಂದು ಎದ್ದಳು.

"ಮೇಲೇನಿದೆ ನೋಡೋಕೆ? ಮಂಚ, ಕಪಾಟು."

"ಕಣ್ಣಾರೆ ನೋಡ್ದೆ ಬರೆಯೋ ಹಾಗಿಲ್ಲ."

"ನಡಿ, ನಾನೂ ಬರ್ತೀನಿ," ಎಂದಳು ಬಹೀಗಾ. ಝಕಿಯ ಮದುವೆಯ ದಿನ ಬಿಟ್ಟರೆ ತುದಿಯ ಮಹಡಿಗೆ ಅವಳು ಹತ್ತಿರಲಿಲ್ಲ, ಎದೆ ಬಿಡುತ್ತಿರಲಿಲ್ಲ. ಈಗ ಗೋಡೆ ಹಿಡಿದು, ಸೀಟಿ ಹೊಡೆಯುತ್ತ, ಹೆಜ್ಜೆಗೊಮ್ಮೆ ನಿಂತು ಹತ್ತಿದಳು. ಸಪ್ಪಳ ಕೇಳಿ ನಶ್ವಾ ಮೇಲೆ ಏನನ್ನೋ ಮುಚ್ಚಿಡಲು ಓಡಾಡುತ್ತಿದ್ದಳು. ಮುಚ್ಚಿಡುವುದಕ್ಕೆ ಹೊತ್ತು ಸಾಲಲಿಲ್ಲ.

ಅಡುಗೆಮನೆ ಎನ್ನುವಷ್ಟು ದೊಡ್ಡದಲ್ಲ ಅದು. ಕಿಟಕಿಯ ಪಕ್ಕ ಒಂದು ಮೇಜು, ಅದರ ಮೇಲೆ ಗ್ಯಾಸಿನ ಒಲೆ, ಒಲೆಯ ಮೇಲೆ ಕುದಿಯುತ್ತಿರುವ ಬಾತಿನ ಸಾರು. ಸಣ್ಣಗೆ ಕೊಚ್ಚಿದ ಮುಲೂಖಿಯ್ಯ ಸಾರಿನೊಳಗೆ ಆಗಲೇ ಬಿದ್ದು ಹಸಿರಾಗಿತ್ತು. ಮರದ ಹಲಗೆಯ ಮೇಲೆ ಸುಲಿದ ಬೆಳ್ಳುಳ್ಳಿಯ ಗುಡ್ಡ. ನಶ್ವಾ ಹಲಗೆಗೆ ಬೆನ್ನು ಹಾಕಿ ಅಡ್ಡ ನಿಂತಿದ್ದಳು.

ಇಬ್ತಿಸಾಮ್ ಒಲೆಯ ಕಡೆ ನೋಡಿದಳು. "ಇದು?"

"ಚಹಾಕ್ಕೆ ಅಬ್ಲಾ. ಬರೀ ಚಹಾಕ್ಕೆ," ಎಂದಳು ನಶ್ವಾ. ಬೆನ್ನ ಹಿಂದೆ ಕೈಯಾಡಿಸಿ ಬೆಳ್ಳುಳ್ಳಿಯನ್ನು ಮುಷ್ಟಿಯಲ್ಲಿ ಬಾಚಿಕೊಂಡಿದ್ದಳು. ಬೆರಳ ಸಂದಿಯಿಂದ ಒಂದು ಎಸಳು ಜಾರಿ ನೆಲಕ್ಕೆ ಬಿತ್ತು. ಅವಳ ಮುಖ ಕೆಂಪೇರಿತ್ತು. ತನ್ನ ಮನೆಯಲ್ಲಿ, ತನ್ನ ದುಡಿಮೆಯ ಒಲೆಯ ಮುಂದೆ, ತನಗೆ ಬೇಡದ ಸುಳ್ಳನ್ನು ಅವಳು ಹೇಳುತ್ತಿದ್ದಳು, ಕೆಳಗಿನ ಮುದುಕಿಯ ಮಾನ ಉಳಿಸಲಿಕ್ಕೆ.

ಬಾಗಿಲ ಚೌಕಟ್ಟು ಹಿಡಿದು ನಿಂತ ಬಹೀಗಾಗೆ ಆ ಮುಷ್ಟಿ ಬಿಟ್ಟು ಬೇರೇನೂ ಕಾಣಲಿಲ್ಲ. ಅವಳ ಅಂಗೈ ಚುರುಗುಟ್ಟಿತು, ಎಂದೋ ಸುಟ್ಟು ಎಂದೋ ಮಾಗಿದ ಅಂಗೈ. ಆ ದಿನ ಅತ್ತೆ ಹಿತ್ತಲಿಗೆ ಬಂದು, "ಕೂಸಿಗೆ ಮೊಟ್ಟೆ ಬೇಕಿತ್ತಾ? ನನ್ನನ್ನೇ ಕೇಳಬಾರದಿತ್ತಾ ಮಗಳೇ?" ಎಂದಿದ್ದರೆ? ಗೋಡೆಗೆ ಇಟ್ಟಿಗೆಯೇ ಬರುತ್ತಿರಲಿಲ್ಲ. ಮೊಟ್ಟೆ ಪಾಪ ಏನು ಮಾಡಿತ್ತು? ಮನೆ ಒಡೆದದ್ದು ಆ ಕೂಗು. ಮೂವತ್ತು ವರ್ಷ ತಾನು ಮೊಟ್ಟೆಯನ್ನು ಬೈಯುತ್ತ ಬಂದೆ ಎಂದು ಬಹೀಗಾಗೆ ಅನ್ನಿಸಿತು. ನಾಚಿಕೆಯೂ ಆಯಿತು, ದುಃಖವೂ ಆಯಿತು. ಈ ಹುಡುಗಿಗೆ ನಾನು ಆ ಅತ್ತೆಯಾಗಿದ್ದೇನೆ, ಕೂಗದೆಯೇ.

"ಸುಳ್ಳು ಹೇಳ್ತಿದ್ದಾಳೆ ಅಬ್ಲಾ," ಎಂದಳು. "ಚಹಾಕ್ಕೆ ಯಾರಾದ್ರೂ ಬೆಳ್ಳುಳ್ಳಿ ಸುಲೀತಾರಾ? ಬರ್ಕೋ. ಎರಡು ಒಲೆ."

"ಅಮ್ಮಾ..." ಎಂದಳು ನಶ್ವಾ.

"ಸುಮ್ನಿರು. ಮೊದಲು ಕೈ ಬಿಡು, ಬೆಳ್ಳುಳ್ಳಿ ಬೆವರು ಹತ್ತಿ ಕೆಟ್ಟುಹೋಗುತ್ತೆ."

ಇಬ್ತಿಸಾಮ್ ಕನ್ನಡಕ ಸರಿಮಾಡಿಕೊಂಡಳು. "ಎರಡು ಅಂದ್ರೆ ಹಾಗ್ಗಾ, ನಮ್ಮ ಪಟ್ಟೀಲಿ ಈ ಮೇಲಿನ ಮನೆಗೆ ಬೇರೆ ನಂಬರ್ ಬೀಳುತ್ತೆ."

"ನಮ್ಮ ಹಳೇದು ಹೊಡೆದು ಹಾಕ್ತೀರಾ?"

"ಇಲ್ಲ ಇಲ್ಲ. ಅದು ಹಾಗೇ ಇರುತ್ತೆ. ಇವರ ನಂಬರಿನ ಒಳಗೂ ನಿಮ್ಮ ನಂಬರೇ ಇರೋದು, ಕೊನೇಲಿ ಒಂದಂಕಿ ಸೇರುತ್ತೆ ಅಷ್ಟೆ. ಯಾವ ಮನೆಯಿಂದ ಹೊರಟೋರು ಅಂತ ಯಾವಾಗ್ಲೂ ಗೊತ್ತಿರುತ್ತೆ. ಮುಂದಿನ ಸಲ ಎರಡೂ ಮನೆಗೆ ಬರ್ತೀವಿ."

"ಇವರು ಊರು ಬಿಟ್ಟು ಹೋದ್ರೆ? ಸೂಯೆಜ್‌ಗೆ ಹೋದ್ರೆ?"

"ಹುಡುಕ್ಕೊಂಡು ಸೂಯೆಜ್‌ಗೆ ಹೋಗ್ತೀವಿ. ಮನೆಯಿಂದ ಹೊರಟೋರನ್ನ ಬಿಟ್ಟುಬಿಡೋ ಹಾಗಿಲ್ಲ ಹಾಗ್ಗಾ. ನಮ್ಮ ಕೆಲಸ ಇರೋದೇ ಅದರ ಮೇಲೆ."

ಬಹೀಗಾ ಅಲ್ಲೇ ಇದ್ದ ಕುರ್ಚಿಯ ಮೇಲೆ ಕುಸಿದು ಕೂತಳು. "ನಮ್ಮ ಮೈದುನ ಸೂಯೆಜ್‌ನಲ್ಲೇ ಇರೋದು," ಎಂದಳು. "ಅವನು ಬರಲಿಲ್ಲ, ಬರಲಿಲ್ಲ ಅಂತ ಕಾಯ್ತಾನೇ ಇದ್ವಿ. ನಾವೂ ಹುಡುಕ್ಕೊಂಡು ಹೋಗ್ಬಹುದಿತ್ತು."

ಸಾರು ಕೊತಕೊತ ಎನ್ನುತ್ತಿತ್ತು. ಬಹೀಗಾ ತಲೆವಸ್ತ್ರದ ಅಂಚಿನಿಂದ ಮೂಗೊರೆಸಿಕೊಂಡಳು.

"ಆಯ್ತು, ನನ್ನನ್ನ ಎಲ್ಲಿ ಬರೀತೀಯ?"

"ಕೆಳಗೆ. ಈದ್ ಅವರ ಜೊತೆ."

"ಮುಲೂಖಿಯ್ಯ ಮಾಡೋ ದಿನ ಮಾತ್ರ ಮೇಲೆ ಬರೀಬಹುದಾ?"

"ಒಬ್ಬರು ಒಂದು ಮನೇಲಿ ಮಾತ್ರ ಇರ್ಬೇಕು ಹಾಗ್ಗಾ. ಯಂತ್ರ ಒಪ್ಪಲ್ಲ."

"ಯಂತ್ರಕ್ಕೆ ಹೇಳ್ಬೇಡ ಬಿಡು," ಎಂದು ಬಹೀಗಾ ನಶ್ವಾಳ ಕಡೆ ತಿರುಗಿದಳು. "ಏನೇ ನೋಡ್ತಾ ನಿಂತಿದ್ದೀಯ? ಸೊಪ್ಪು ಹೆಚ್ಚು ಬೆಂದ್ರೆ ಲೋಳೆ ಆಗುತ್ತೆ. ಒಗ್ಗರಣೆ ಹಾಕು."

ತುಪ್ಪ ಕಾಯಿತು. ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗಿತು, ಕೊತ್ತಂಬರಿ ಬೀಜದ ಘಮ ಮೂಗಿಗೆ ಬಡಿಯಿತು. ಬಹೀಗಾ ಎದ್ದು ಒಲೆಯ ಹತ್ತಿರ ಬಂದು ನಿಂತಳು. ನಶ್ವಾ ಬಾಣಲೆ ಎತ್ತಿ ಅತ್ತೆಯ ಮುಖ ನೋಡಿದಳು. ಚೊಂಯ್! ಬಹೀಗಾ ಎದೆಯುಬ್ಬಿಸಿ ಉಸಿರೆಳೆಯಲು ಹೋದಳು, ಅರ್ಧಕ್ಕೇ ಕೆಮ್ಮು ಹಿಡಿಯಿತು. ಉಳಿದರ್ಧವನ್ನು ನಶ್ವಾ ಎಳೆದಳು, ಮಹಡಿ ತುಂಬುವಂತೆ. ಯಾಕೋ ಏನೋ, ಇಬ್ತಿಸಾಮಳೂ "ಹ್ಹಾ!" ಎಂದುಬಿಟ್ಟಳು. ಕೆಳಗಿನಿಂದ ಸಮಾಹ್, "ಏನಾಯ್ತು? ಯಾರು ಬಿದ್ರು? ಅಮ್ಮನಾ?" ಎಂದು ಕೂಗುತ್ತ ಬರಿಗಾಲಲ್ಲಿ ಓಡಿಬಂದಳು. ಮೂವರೂ ಕಣ್ಣಲ್ಲಿ ನೀರು ಬರುವಂತೆ ನಗುತ್ತಿರುವುದನ್ನು ನೋಡಿ ಅವಳಿಗೆ ಇನ್ನೂ ಗಾಬರಿಯಾಯಿತು.

"ಬಾ ಇಲ್ಲಿ," ಎಂದಳು ಬಹೀಗಾ. "ಉಸಿರು ಎಳೆಯೋದು ಹೇಗೆ ಅಂತ ಇವಳ ಹತ್ರ ಕಲಿ. ನಂಗಂತೂ ನಿಂಗೆ ಕಲಿಸೋಕಾಗ್ಲಿಲ್ಲ."

ಹೊರಡುವಾಗ ಇಬ್ತಿಸಾಮ್ ಅಂಗಳದಲ್ಲಿ ನಿಂತು ಮೆಲ್ಲಗೆ ಕೇಳಿದಳು. "ಆ ಎಂಟನ್ನ ಬದಲಾಯಿಸ್ಬೇಕಾ ಹಾಗ್ಗಾ? ಇನ್ನೂ ಕಳಿಸಿಲ್ಲ."

"ಬೇಡ. ಎಂಟೇ ಇರ್ಲಿ. ಮೊದಲು ಹೇಳಿದ ಹತ್ತೆಲ್ಲ ದೇವರ ಮೇಲಿನ ಮರ್ಯಾದೆಗೆ. ಇದೊಂದೇ ನಾನು ಲೆಕ್ಕ ಹಾಕಿ ಹೇಳಿದ್ದು." ಬಾತುಗಳನ್ನು ಕಾಲಿನಿಂದ ಸರಿಸಿ ಅವಳಿಗೆ ದಾರಿ ಮಾಡಿಕೊಟ್ಟಳು. "ಮಿಕ್ಕ ಎರಡು ಮುಂದಿನ ಸಲ ಬಂದಾಗ ಹೇಳ್ತೀನಿ. ಬಾ, ಮರೀಬೇಡ."

ಮೇಲಿನಿಂದ ಇಳಿಯುವಾಗ ಬಹೀಗಾ ಒಂದು ಬಟ್ಟಲು ಮುಲೂಖಿಯ್ಯವನ್ನು ಯಾರ ಕೈಗೂ ಕೊಡದೆ ತಾನೇ ಹೊತ್ತು ತಂದಿದ್ದಳು. ಮೊಮ್ಮಕ್ಕಳು ಅದನ್ನು ರೊಟ್ಟಿಯಲ್ಲಿ ಒರೆಸಿ ಒರೆಸಿ ತಿಂದು ಬಟ್ಟಲನ್ನು ತೊಳೆಯುವ ಕೆಲಸವೇ ಇಲ್ಲದಂತೆ ಮಾಡಿದರು. ಆದರೂ ಅವಳು ತೊಳೆದಳು, ಒರೆಸಿದಳು. ಆಮೇಲೆ ಒಂದು ಪುಟ್ಟ ಪಾತ್ರೆಯಲ್ಲಿ ನೀರಿಟ್ಟು ಸ್ವಲ್ಪ ಹೊತ್ತು ಒಲೆಯ ಮುಂದೆ ಕೂತಿದ್ದಳು.

"ನಶ್ವಾ! ಬುಟ್ಟಿ ಇಳಿಸು!" ಎಂದು ಅಂಗಳದಿಂದ ಕೂಗಿದಳು.

ತರಕಾರಿ ಗಾಡಿ ಬಂದಾಗ ಇಳಿಸುವ ಬುಟ್ಟಿ, ನಶ್ವಾಳ ಮದುವೆಗೆಂದು ಬಹೀಗಾಳೇ ಹೆಣೆದದ್ದು, ಹಗ್ಗದ ತುದಿಯಲ್ಲಿ ತೂಗಾಡುತ್ತ ಇಳಿಯಿತು. ಬಹೀಗಾ ಬಟ್ಟಲನ್ನು ಅದರೊಳಗಿಟ್ಟಳು. ಬಟ್ಟಲನ್ನು ಖಾಲಿ ಹಿಂದಿರುಗಿಸುವ ವಾಡಿಕೆ ನಮ್ಮಲ್ಲಿಲ್ಲ.

"ಏನಮ್ಮಾ ಇದು?" ಎಂದು ನಶ್ವಾ ಮೇಲಿನಿಂದ ಬಗ್ಗಿ ಕೇಳಿದಳು.

"ಎಳ್ಕೋ, ಗೊತ್ತಾಗುತ್ತೆ. ಹುಷಾರು, ಮುಷ್ಟೀಲಿ ಹಿಡೀಬೇಡ, ಬಿಸಿಯಿದೆ."

ಬುಟ್ಟಿ ಮೆಲ್ಲಗೆ ಮೇಲೇರಿತು. ಬಟ್ಟಲಿನಲ್ಲಿ ಒಂದು ಬೇಯಿಸಿದ ಮೊಟ್ಟೆಯಿತ್ತು.